ಎಡಸುತ್ತು

“ಮೇಡಮ್ಮೋರೆ, ಇದನ್ನ ಬಿಚ್ಚಬೇಡ್ರಿ. ಹೆಂಗೈತೋ ಹಂಗೇ ಕಟ್ಕೊಂಡು ಹೋಗ್ರಿ.”

ಬಡೇಸಾಬರು ಹಾಗೆಂದು ಮೋಟಾರಿನ ಮೇಲಿಂದ ಕೈ ತೆಗೆದರು. ಮಲಗಿದ ಹಾವಿನ ಮೇಲಿಂದ ಬಟ್ಟೆ ಎತ್ತುವವರಂತೆ ನಿಧಾನವಾಗಿ ತೆಗೆದರು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಬನಿಯನ್ನಿನ ಚೂರಿಗೆ ಒರೆಸಿಕೊಂಡರು.

ಅನುಸೂಯ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ತನ್ನ ನಗುವಿನ ಸದ್ದು ಅವಳಿಗೇ ಬೇರೆ ಯಾರದೋ ಅನ್ನಿಸಿತು.

ಚಿತ್ರದುರ್ಗದ ಕೋಟೆಯ ಕೆಳಗಿನ ಗಲ್ಲಿಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಆ ರಿಪೇರಿ ಅಂಗಡಿಯ ಗೋಡೆ ತುಂಬ ನಿಂತುಹೋದ ಗಡಿಯಾರಗಳಿದ್ದವು. ಬಾಗಿಲ ಬಳಿ ಮೊಬೈಲಿನ ಚೀಲಗಳು ನೇತಾಡುತ್ತಿದ್ದವು. ಅದು ಮಗನ ಹೊಸ ವ್ಯಾಪಾರ. ಒಳಗೆ ಟೇಬಲ್ಲಿನ ಮೇಲೆ ಅವಳು ತಂದಿದ್ದ ಗ್ರಾಮಫೋನಿನ ಮೋಟಾರು ಬೋರಲು ಬಿದ್ದಿತ್ತು. ಆ ಮೋಟಾರನ್ನು ಯಾರು ಬಿಚ್ಚಿದರೂ ಹಾಗೇ ಹಾಕಬೇಕು, ಪ್ಲೇಟು ತಿರುಗುವ ಮುಖ ಕೆಳಗೆ, ಯಂತ್ರ ಮೇಲೆ. ಮುಷ್ಟಿಗಾತ್ರದ ಹಿತ್ತಾಳೆ ಡಬ್ಬಿ. ಅದರೊಳಗೆ ಸುರುಳಿ ಸುತ್ತಿ ಕೂತ ಉಕ್ಕಿನ ಪಟ್ಟಿ. ಕೀ ಕೊಟ್ಟರೆ ಪಟ್ಟಿ ಬಿಗಿಯುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತ ಪ್ಲೇಟನ್ನು ತಿರುಗಿಸುತ್ತದೆ. ಪಕ್ಕದಲ್ಲಿ ವೇಗವನ್ನು ಹದದಲ್ಲಿಡುವ ಗವರ್ನರು, ಸೀಸದ ಗುಂಡುಗಳನ್ನು ಸೊಂಟಕ್ಕೆ ಕಟ್ಟಿಕೊಂಡ ಸಣ್ಣ ಕಂಬಿ. ಇಷ್ಟೇ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅನುಸೂಯಳಿಗೆ ಇದರಲ್ಲಿ ಗುಟ್ಟೇನೂ ಇರಲಿಲ್ಲ. ಕೀ ಅರ್ಧ ಸುತ್ತಿಗೇ ಸಿಕ್ಕಿ ನಿಲ್ಲುತ್ತಿತ್ತು, ಅದಕ್ಕೇ ತಂದಿದ್ದಳು.

ಸಾಬರು ಬ್ಲೇಡಿನಿಂದ ಗ್ರೀಸು ಕೆರೆದಾಗ ಡಬ್ಬಿಯ ಕತ್ತಿನಲ್ಲಿ ಅದು ಕಂಡಿತ್ತು. ಬಿಗಿಯಾಗಿ ಸುತ್ತಿದ ದಾರ. ದಾರದಲ್ಲಿ ಸುಕ್ಕುಗಟ್ಟಿದ ಅರಿಶಿನದ ಕೊಂಬು. ಉಗುರಿನಷ್ಟು ತಾಮ್ರದ ತಗಡು. ತಗಡಿಗೆ ಹೊಸೆದ ಕೂದಲು. ಸೀಮೆಎಣ್ಣೆಯ ಘಾಟಿನ ನಡುವೆಯೂ ಸುಟ್ಟ ಕೂದಲಿನ ವಾಸನೆ ಮೂಗಿಗೆ ಹತ್ತಿತ್ತು.

“ಕಂಕಣದ ದಾರ ಇದು,” ಎಂದರು ಸಾಬರು. “ತಗಡು ಆದಿವಾಲದ ಕಡೆ ಇದ್ದನಲ್ಲ ಮಾಟ ಮಾಡೋ ತಿಪ್ಪಯ್ಯ, ಅವಂದು. ಅವ ಈ ಬೇಸ್ಗೇಲಿ ಹೋದ. ತಗಡು ಎಲ್ಲಿ ಹೋಗ್ತಾವೆ?”

“ದಾರ ಗಾಲಿಗೆ ಸಿಕ್ಕೊಂಡಿದೆ ಸಾಬ್ರೆ. ಕತ್ತರಿಸಿ ಎಸೆದರೆ ಮುಗೀತು.”

ಸಾಬರು ಬಟ್ಟೆಯಲ್ಲಿ ಹಿಡಿದು ಮೋಟಾರನ್ನು ಎತ್ತಿ ನೆಟ್ಟಗೆ ಮಾಡಿದರು. ಬಗ್ಗಿ ಪಕ್ಕದಿಂದ ಸುತ್ತಿನ ದಿಕ್ಕು ನೋಡಿದರು. ಅವರ ಮುಖ ಇಳಿದುಹೋಯಿತು.

“ಎಡಸುತ್ತು,” ಎಂದರು. “ನಿಮ್ಮೋರಲ್ಲಿ ಹೆಣದ ಸುತ್ತ ಮಡಿಕೆ ಹೊತ್ಕೊಂಡು ಬರ್ತಾರಲ್ಲ, ಆ ಸುತ್ತು.”

“ಬೋರಲಿಟ್ಟರೆ ಅದೇ ದಾರ ಬಲಸುತ್ತು ಆಗುತ್ತೆ ಸಾಬ್ರೆ. ಪಾಪ, ನಿಮ್ಮ ತಿಪ್ಪಯ್ಯನಿಗೆ ಅಷ್ಟು ಫಿಸಿಕ್ಸ್ ಬರ್ತಿರಲಿಲ್ಲವೇನೋ.”

“ನಗಬೇಡ ತಾಯಿ.” ಮುದುಕರ ದನಿ ತಗ್ಗಿತು. “ಎಡಸುತ್ತು ಕಟ್ಟಿದ್ದಕ್ಕೆ ಯಾರು ಕೀ ಕೊಡ್ತಾರೋ ಅವರ ಕರುಳು ಸುತ್ತತೈತೆ. ಕೀ ಪೂರಾ ಇಳಿದ್ರೆ ಜೀವನೂ ಇಳೀತು ಅಂತ್ಲೇ ತಿಳ್ಕ. ಅದನ್ನ ಬಿಚ್ಚಿ ಹಿಂದಕ್ಕೆ ಸುತ್ತಿ ಕಟ್ಟಿದ್ರೆ, ಮೊದಲು ಕಟ್ಟಿದ ಕೈಗೇ ತಿರುಗತೈತೆ. ಅದೆಲ್ಲ ನಮಗ್ಯಾಕೆ? ಮಾರಿಕಣಿವೆ ಡ್ಯಾಮಿನ ನೀರಿಗೆ ಹಂಗೇ ಬಿಟ್ಬಿಡು. ನೀರಾಗೆ ಎಲ್ಲಾ ಸುಮ್ಮಗಾಗತೈತೆ.”

ಕರುಳು ಎಂಬ ಮಾತಿಗೆ ಅವಳ ನಗು ನಿಂತಿತು.

“ಯಾರು ಕಟ್ಟಿದ್ದು?”

“ಹೆಸರು ನನಗೆಲ್ಲಿ ಗೊತ್ತವ್ವ. ಕಂಕಣದ ದಾರ ಬೀದೀಲಿ ಹೋಗೋರಿಗೆ ಸಿಗ್ತದಾ?” ಸಾಬರು ಮೋಟಾರನ್ನು ಅವಳ ಚೀಲಕ್ಕೆ ಇಳಿಸಿದರು. “ನಿಮ್ಮ ಮನೆಯೋರೇ.”

ಮನೆಯೋರು. ಗಂಡ ಸತ್ತ ಹೆಣ್ಣಿಗೆ ಆ ಮಾತಿಗೆ ಒಂದೇ ಅರ್ಥ, ಗಂಡನ ಮನೆಯವರು. ಅನುಸೂಯಳೂ ಒಂದೇ ಅರ್ಥ ಮಾಡಿಕೊಂಡಳು.

*

ಅವಳ ಗಂಡ ಮೋಹನ್‌ಕುಮಾರ್ ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರದ ಕಂಬ ನಿಲ್ಲಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಗುಡ್ಡ ಹತ್ತಿದನೆಂದರೆ ವಾರಗಟ್ಟಲೆ ಇಳಿಯುತ್ತಿರಲಿಲ್ಲ. ಗಂಡ ಹುಟ್ಟಿ ಬೆಳೆದ ಊರಿನಲ್ಲಿ, ಅವನಿಲ್ಲದ ಮನೆಯಲ್ಲಿ, ಅವಳು ಹೊಸಬಳಾಗಿಯೇ ಉಳಿದಿದ್ದಳು. ಒಮ್ಮೆ ಬೇಸರ ತಾಳದೆ ಎಸ್.ಟಿ.ಡಿ. ಬೂತಿನಿಂದ ತವರಿಗೆ ಫೋನು ಮಾಡಿ, “ಅವ್ವ, ಇವರಿಗೂ ಈ ಮನೆಗೂ ಸಂಬಂಧವೇ ಇಲ್ಲದ ಹಾಗಾಗಿದೆ,” ಎಂದು ಅತ್ತಿದ್ದಳು. ಅತ್ತಿದ್ದನ್ನು ಮರೆತೂ ಬಿಟ್ಟಿದ್ದಳು.

ಆಮೇಲೆ ಅವನು ರಜ ಹಾಕಿ ಬಂದ. ಬಂದವನೇ ಅಟ್ಟದಿಂದ ಅಪ್ಪನ ಕಾಲದ ಗ್ರಾಮಫೋನು ಇಳಿಸಿ, ನಡುಮನೆಯ ಟೇಬಲ್ಲಿನ ಮೇಲೆ ಮೋಟಾರು ಬಿಚ್ಚಿ ಹರಡಿಕೊಂಡು ಕೂತ. ಆ ವಾರ ಮನೆ ತುಂಬಿತ್ತು. ಹಿರೇಗುಂಟನೂರಿನಿಂದ ಅವ್ವ ಉಚ್ಚಂಗೆಮ್ಮ ಬಂದಿದ್ದಳು, ಅಳಿಯನ ಟೇಬಲ್ಲಿನ ಪಕ್ಕದಲ್ಲೇ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಭಾವ ಮೂರ್ತಪ್ಪ, ಬಸ್ ಕಂಡಕ್ಟರು, ಡ್ಯೂಟಿ ಮುಗಿಸಿ ಬಂದವನು ಖಾಕಿಯಲ್ಲೇ ನಿಂತು ತಮ್ಮನನ್ನು ಕೆಣಕುತ್ತಿದ್ದ.

“ಲೇ, ಅದು ಅಪ್ಪನ ಪೆಟ್ಟಿಗೆ ಕಣೋ. ನಿಂದೊಬ್ಬಂದೇ ಅಲ್ಲ. ಸರಿ ಆದ್ಮೇಲೆ ನನ್ನ ರೂಮಿಗೆ ಬರ್ಬೇಕು ನೋಡು.”

“ಬರ್ತೈತೆ ಬಿಡಣ್ಣ. ಟಿಕೆಟ್ ಹರ್ಕೊಂಡು ಬರ್ತೈತೆ.”

ಸರಿಯಾದ ದಿನ ಸಂಜೆ ಮೋಹನ್‌ಕುಮಾರ್ ತುಂಬ ಕೀ ಕೊಟ್ಟ. ಪ್ಲೇಟು ತಿರುಗಿತು. ಯಾವುದೋ ಕಾಲದ ಹೆಂಗಸೊಬ್ಬಳ ದನಿ ಮನೆ ತುಂಬಿತು. ಅವನು ಅನುಸೂಯಳ ಕಡೆ ನೋಡಿ ನಕ್ಕ. ಇನ್ನು ಗುಡ್ಡಕ್ಕೆ ಹೋಗುವುದಿಲ್ಲ, ಊರಲ್ಲೇ ಏನಾದರೂ ನೋಡಿಕೊಳ್ಳುತ್ತೇನೆ ಅಂದ. ಕೀ ಇಳಿಯುತ್ತ ಬಂತು. ಹಾಡಿನ ದನಿ ದಪ್ಪವಾಯಿತು, ಗಂಡಸಿನದಾಯಿತು, ನರಳಾಯಿತು. ಪ್ಲೇಟು ನಿಂತಾಗ ಅವನ ಕೈ ಹೊಟ್ಟೆಯ ಮೇಲಿತ್ತು.

“ಕರುಳು ತಿರುಚಿಕೊಂಡಿದೆ,” ಎಂದಿದ್ದರು ಡಾಕ್ಟರು. ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ್ದರು. “ಹೀಗೆ. ಎಡಕ್ಕೆ.” ಆಪರೇಷನ್ನಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಥಿಯ ಊಟದ ಪಂಕ್ತಿಯಲ್ಲಿ ಮೂರ್ತಪ್ಪ ಯಾರಿಗೋ ಹೇಳಿದ ಮಾತು ಅವಳ ಕಿವಿಗೆ ಬಿದ್ದಿತ್ತು. “ಏನ್ಮಾಡಾದು, ಬಂದೋಳ ಕಾಲ್ಗುಣ.”

ಅಂದಿನಿಂದ ಅವಳೊಳಗೆ ಏನೂ ಅಲ್ಲಾಡಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಳು, ಪಾಠ ಹೇಳುತ್ತಿದ್ದಳು, ಬರುತ್ತಿದ್ದಳು. ಮಗಳ ಜೊತೆಗಿರಲೆಂದು ಅವ್ವ ಇಲ್ಲೇ ಉಳಿದಿದ್ದಳು. ಗಂಡ ಕೊನೆಯದಾಗಿ ಮುಟ್ಟಿದ ವಸ್ತು ಕೆಟ್ಟು ಕೂತಿದೆ, ಅದೊಂದು ತಿರುಗಲಿ ಎಂಬಷ್ಟೇ ಆಸೆಯಿಂದ ಮೋಟಾರನ್ನು ಚೀಲದಲ್ಲಿ ಹಾಕಿಕೊಂಡು ಸಾಬರ ಅಂಗಡಿಗೆ ಹೋಗಿದ್ದಳು.

ಈಗ ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಅವ್ವನ ಕೈಯ ಸೌಟು ನೆಲಕ್ಕೆ ಬಿತ್ತು.

“ಇದನ್ಯಾಕೆ ಮತ್ತೆ ತಂದ್ಯೇ?”

“ರಿಪೇರಿಗೆ ಕೊಟ್ಟಿದ್ದೆ.”

“ಬ್ಯಾಡ. ಎಲ್ಲಾದ್ರೂ ಬಿಸಾಕು. ಇಲ್ಲ ಮೂರ್ತಪ್ಪಗಾದ್ರೂ ಕೊಟ್ಟು ಕೈ ತೊಳ್ಕ.” ಅವ್ವನ ತುಟಿ ಬೆಳ್ಳಗಾಗಿತ್ತು. ಅಳಿಯನ ನೆನಪಾಗಿರಬೇಕು ಎಂದುಕೊಂಡಳು ಅನುಸೂಯ.

*

ಅವಳು ನಂಬಲಿಲ್ಲ. ನಂಬದೆಯೇ ಭಾವನನ್ನು ಗಮನಿಸತೊಡಗಿದಳು.

ಅವನು ಹಿರಿಯೂರಿನಾಚೆ ಹೋಗುವ ಬಸ್ಸಿನಲ್ಲಿ ದಿನವೂ ಆದಿವಾಲ ದಾಟಿ ಹೋಗಿ ಬರುವವನು. ತಿಪ್ಪಯ್ಯ ಗೊತ್ತಿರಲೇಬೇಕು. ಗಂಡನ ಕಂಕಣ ದೇವರ ಮನೆಯ ಗೂಡಿನಲ್ಲಿದ್ದದ್ದು, ಆ ಗೂಡಿಗೆ ಕೈ ಹಾಕುವವನು ಅವನೇ. ಅವಳು ಗೂಡು ತಡಕಿದಳು. ಕುಂಕುಮದ ಪೊಟ್ಟಣ, ಕರಿಹಿಡಿದ ಬತ್ತಿಗಳು. ಕಂಕಣ ಕೈಗೆ ಹತ್ತಲಿಲ್ಲ. ಅಷ್ಟು ಸಾಕಾಯಿತು. ಗೂಡಿನ ಹಿಂಬದಿಯ ಸಂದಿಗೆ ಅವಳು ಬೆರಳು ಹಾಕಲಿಲ್ಲ. ಮದುವೆಯಲ್ಲಿ ಕಂಕಣ ಇಬ್ಬರ ಕೈಗೂ ಕಟ್ಟುತ್ತಾರೆ, ತನ್ನದನ್ನು ಬಿಚ್ಚಿ ಇಟ್ಟುಕೊಂಡವರು ಯಾರು ಎಂದು ಅವಳು ಕೇಳಿಕೊಳ್ಳಲೂ ಇಲ್ಲ.

ಭಾನುವಾರ. ಆಷಾಢದ ಗಾಳಿ ಬೆಳಗಿನಿಂದಲೇ ಊರಿನ ಮೇಲೆ ಬಿದ್ದಿತ್ತು. ಕೋಟೆಯ ಬಂಡೆಗಳ ನಡುವಿನಿಂದ ಅದು ಇಳಿದು ಬರುವ ಸದ್ದು ಈ ಊರಿನವರಿಗೆ ಕೇಳಿಸುವುದೇ ಇಲ್ಲ. ಅವಳಿಗೆ ಮಾತ್ರ ಇನ್ನೂ ಕೇಳಿಸುತ್ತಿತ್ತು. ಊಟದ ಹೊತ್ತಿಗೆ ಕೆಂಧೂಳೆದ್ದು ಬಿಸಿಲು ಮಂಕಾಯಿತು. ಕರೆಂಟು ಹೋಯಿತು.

ಮೂರ್ತಪ್ಪ ನಡುಮನೆಯ ಚಾಪೆಯ ಮೇಲೆ ಅಡ್ಡಾಗಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಅವಳ ಕೈಯಲ್ಲಿ ಮೋಟಾರು ಕಂಡು ತಲೆ ಎತ್ತಿದ.

“ಏನಮ್ಮ, ಸರಿ ಆತೇನು?”

“ಇಲ್ಲ ಭಾವ.”

“ಸರಿ ಆದ್ರೆ ನನ್ನ ರೂಮಿಗಿಡು. ನಿನಗ್ಯಾಕೆ ಇನ್ನು ಹಾಡು?”

ಅವನು ಮಾತು ಆಡಿ ಮಗ್ಗುಲಾದ. ಅದು ಅವನಿಗೆ ಮಾತೇ ಆಗಿರಲಿಲ್ಲ, ಆಕಳಿಕೆಯಂತೆ ಬಾಯಿಂದ ಬಿದ್ದದ್ದು. ಆದರೆ ಅನುಸೂಯಳ ಒಳಗೆ ಇಷ್ಟು ದಿನ ಸಿಕ್ಕಿಕೊಂಡಿದ್ದ ಗಾಲಿಯೊಂದು ಕಟ್ಟೆಂದು ಬಿಟ್ಟುಕೊಂಡಿತು. ನಿನಗ್ಯಾಕೆ ಇನ್ನು ಹಾಡು. ಹೌದು, ನನಗ್ಯಾಕೆ? ಈ ಹಾಡು ನಿನಗೇ ಇರಲಿ.

ಅವಳು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಿಟಕಿಯಿಲ್ಲದ ಕೋಣೆ. ರಾಗಿ ಮೂಟೆ, ಹಳೇ ಪಾತ್ರೆ, ಮೂಲೆಯಲ್ಲಿ ಮೊನ್ನೆ ಕಟ್ಟಿದ ತೆಂಗಿನಗರಿ ಪೊರಕೆ, ಇಲಿಯ ವಾಸನೆ. ಚಿಮಣಿ ದೀಪ ಹಚ್ಚಿ ಮೋಟಾರನ್ನು ಬೋರಲಿಟ್ಟು ಚಿಮಟದಿಂದ ದಾರದ ತುದಿ ಹಿಡಿದಳು. ದಾರ ಸುಲಭವಾಗಿ ಬಂತು. ಕೂದಲಿನ ಎಳೆಗಳು ಬೆಳಕಿಗೆ ಹೊಳೆದವು. ಒಂದು ಗಿಡ್ಡ, ಗಂಡನದು. ಇನ್ನೊಂದು ಉದ್ದ, ಯಾರದೆಂದು ಅವಳು ನೋಡಲಿಲ್ಲ. ಗ್ರೀಸಿನ ಕೆಳಗಿನಿಂದ ವಾಸನೆ ಎದ್ದಿತು. ಅರಿಶಿನ, ಹರಳೆಣ್ಣೆ, ಸುಟ್ಟ ಕೂದಲು, ಅದರ ಹಿಂದೆ ಆಸ್ಪತ್ರೆಯ ಹಾಸಿಗೆಯದೊಂದು ಹುಳಿ ವಾಸನೆ.

ಹಿಂದಕ್ಕೆ ಸುತ್ತಬೇಕು. ಬೋರಲಿಟ್ಟು ಬಲಕ್ಕೆ ಸುತ್ತಿದರೆ ನೆಟ್ಟಗಿಟ್ಟಾಗ ಎಡವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ತಪ್ಪು ಮಾಡುವವಳಲ್ಲ. ಮೋಟಾರನ್ನು ಎತ್ತಿ ನೆಟ್ಟಗೆ ಮಾಡಿಕೊಂಡು, ಕೆಳಗಿನಿಂದ ಕೈ ತೂರಿಸಿ, ಶುದ್ಧ ಬಲಸುತ್ತಾಗಿ ದಾರ ಸುತ್ತಿ ಗಂಟು ಹಾಕಿದಳು. ಆಮೇಲೆ ಮೋಟಾರಿನ ಹಲಗೆಯನ್ನು ಎರಡು ಸ್ಟೂಲುಗಳ ನಡುವೆ ಸೇತುವೆಯಂತೆ ಇಟ್ಟಳು. ಮೇಲೆ ಪ್ಲೇಟು, ಕೆಳಗೆ ಬೆತ್ತಲೆಯಾಗಿ ಜೋತುಬಿದ್ದ ಯಂತ್ರ. ಮುಳ್ಳು ಹಿಡಿದ ಸೌಂಡ್‌ಬಾಕ್ಸಿನ ತೋಳನ್ನೂ ಹಲಗೆಗೇ ಸಿಕ್ಕಿಸಿದಳು.

ಕೀ ಹಾಕಿ ತಿರುಗಿಸಿದಳು. ತಿರುಗಿತು.

ನಡುಮನೆಯಲ್ಲಿ ಮೂರ್ತಪ್ಪ ಕೆಮ್ಮಿದ.

ಅವಳು ತಡೆದು ನಿಂತಳು. ಇನ್ನೊಂದು ಸುತ್ತು ಕೊಟ್ಟಳು. ಮತ್ತೆ ಕೆಮ್ಮು, ಈ ಸಲ ಗಂಟಲಿನಾಳದಿಂದ. ಅವಳ ಎದೆಯಲ್ಲಿ ಬೆಚ್ಚಗಿನದೇನೋ ಹರಡಿತು. ಎಷ್ಟೋ ತಿಂಗಳಾಗಿತ್ತು ಅಂಥದ್ದು ಒಳಗೆ ಆಗಿ. ಸುತ್ತಿದಳು. ಕಾಲ್ಗುಣ ಅಂದೆಯಲ್ಲ. ಸುತ್ತಿದಳು. ತಮ್ಮನ ಹೊಟ್ಟೆ ಹಿಂಡುವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲ. ಸುತ್ತಿದಳು. ಉಕ್ಕಿನ ಪಟ್ಟಿ ಡಬ್ಬಿಯೊಳಗೆ ಕಟಕಟನೆ ಬಿಗಿಯಿತು. ಕೀ ಇನ್ನು ಮುಂದೆ ಹೋಗದು ಅನ್ನುವವರೆಗೆ ಸುತ್ತಿದಳು. ಅಡುಗೆಮನೆಯ ಕಡೆ ಪಾತ್ರೆಯೇನೋ ಉರುಳಿದ ಸದ್ದಾಯಿತು. ಗಾಳಿಗಿರಬೇಕು.

ಗಂಡ ಕೊನೆಗೆ ಹಾಕಿದ್ದ ಹಾಡಿನ ರೆಕಾರ್ಡನ್ನೇ ಪ್ಲೇಟಿನ ಮೇಲಿಟ್ಟು, ಬ್ರೇಕು ಸರಿಸಿ, ಮುಳ್ಳು ಇಳಿಸಿದಳು.

ಕೊಳವೆಯಿಲ್ಲದ ಸೌಂಡ್‌ಬಾಕ್ಸಿನಿಂದ ದನಿ ಸಣ್ಣಗೆ, ಸೊಳ್ಳೆಯಂತೆ ಬಂತು. ಮೊದಲು ಬರೀ ಗೀರು. ಆಮೇಲೆ ಹೆಂಗಸಿನ ದನಿ. ಆದರೆ ಹಾಡಿರಲಿಲ್ಲ. ಪಿಸುಮಾತಿತ್ತು. ಅವಳು ಬಗ್ಗಿ ಕಿವಿ ಕೊಟ್ಟಳು.

“...ಮನೇಲಿರ್ಲಿ... ಮನೇಲಿರ್ಲಿ... ಅಳಿಯ ಮನೇಲಿರ್ಲಿ... ನನ್ನ ಮಗಳ ಸೆರಗು ಬಿಡದಂಗಿರ್ಲಿ... ಸುತ್ಕಳ್ಳಿ, ಅವಳಿಗೇ ಸುತ್ಕಳ್ಳಿ...”

ದೀಪ ಬಡಿದುಕೊಂಡಿತು. ಹಿರೇಗುಂಟನೂರಿನ ದನಿ. ಅವರೆಕಾಯಿ ಸುಲಿಯುವಾಗ ತನ್ನಷ್ಟಕ್ಕೆ ಗುನುಗಿಕೊಳ್ಳುವ ದನಿ. ಅವಳಿಗೆ ಹಾಲು ಕುಡಿಸಿದ, ಜಡೆ ಹೆಣೆದ ದನಿ.

ಮನೆಯೋರು. ಸಾಬರು ಹೇಳಿದ ಮನೆ ಇದಲ್ಲ, ತವರು.

ಬಾಗಿಲು ದಡದಡ ಬಡಿಯಿತು.

“ಅನುಸೂಯಮ್ಮ! ತೆಗಿ! ಬೇಗ ತೆಗಿ! ನಿಮ್ಮವ್ವ ಬಿದ್ದೈತೆ!”

ಮೂರ್ತಪ್ಪ. ಗಟ್ಟಿ ದನಿ, ನೆಟ್ಟ ಕಾಲು. ಅವನಿಗೇನೂ ಆಗಿರಲಿಲ್ಲ.

ಅಡುಗೆಮನೆಯ ನೆಲದಲ್ಲಿ ಉಚ್ಚಂಗೆಮ್ಮ ಮಂಡಿಯನ್ನು ಎದೆಗೆ ಒತ್ತಿಕೊಂಡು ಮುದುಡಿದ್ದಳು. ಸುರುಳಿಯಂತೆ. ಚೆಲ್ಲಿದ ಸಾರಿನಲ್ಲಿ ಅವಳ ಕೂದಲು ನೆಂದಿತ್ತು. ಗಿಡ್ಡನೆಯ ಬಿಳಿ ಕೂದಲು. ತಗಡಿನಲ್ಲಿದ್ದ ಉದ್ದ ಕೂದಲು ಅವಳದಲ್ಲ. ನನ್ನದು, ಎಂದುಕೊಂಡಳು ಅನುಸೂಯ. ನನ್ನ ಕೂದಲು, ನನ್ನ ಕಂಕಣ.

“ಸುತ್ತತೈತೆ ಕಣೇ... ಒಳಗೆ ಸುತ್ತತೈತೆ...”

“ಅವ್ವ, ನೀನು ಕಟ್ಟಿದ್ದಾ?”

ಅವ್ವನ ಕಣ್ಣು ಮೋಟಾರಿನ ಸದ್ದು ಬರುತ್ತಿದ್ದ ಕಡೆಗೆ ತಿರುಗಿತು. ಎಲ್ಲ ಗೊತ್ತಾದವಳಂತೆ.

“ಫೋನಾಗೆ ಅತ್ತಿದ್ಯಲ್ಲವ್ವ ನೀನು... ತಿಪ್ಪಯ್ಯ ಹೇಳಿದ, ದಿನಾ ಕೈಯಾಡ್ಸೋ ವಸ್ತುಗೆ ಕಟ್ಟು, ಮನೆ ಬಿಟ್ಟು ಹೋಗಲ್ಲ ಅಂತ... ಅಳಿಯಪ್ಪ ಎದ್ದು ಕೈ ತೊಳ್ಯಾಕೆ ಹೋದಾಗ ಸುತ್ತಿದೆ... ಬಲಸುತ್ತೇ ಸುತ್ತಿದೆ ಕಣೇ, ನಿನ್ನಾಣೆ, ಬಲಸುತ್ತೇ...”

“ಮೋಟಾರು ಬೋರಲಿತ್ತಾ?”

“ಆಂ?”

“ಬೋರಲಿತ್ತಾ ಅವ್ವ, ಟೇಬಲ್ ಮೇಲೆ?”

“ಅವ ಹೆಂಗಿಟ್ಟಿದ್ನೋ ಹಂಗೇ ಇತ್ತು...”

ಬೋರಲಿತ್ತು. ಅವ್ವ ಮದುವೆಯ ಸುತ್ತು ಸುತ್ತಿದ್ದಳು. ಮೋಟಾರು ನೆಟ್ಟಗಾದಾಗ ಅದು ಮಸಣದ ಸುತ್ತಾಗಿತ್ತು.

ಕೋಣೆಯಿಂದ ಬರುತ್ತಿದ್ದ ದನಿ ದಪ್ಪವಾಗತೊಡಗಿತು. ಮ...ನೇ...ಲಿ...ರ್ಲಿ. ಕೀ ಇಳಿಯುತ್ತಿತ್ತು.

ಅನುಸೂಯ ಓಡಿದಳು. ಬ್ರೇಕು ಎಳೆದಳು. ಹಿಡಿಯಲಿಲ್ಲ. ಬ್ರೇಕಿನ ತೊಗಲು ಸವೆದು ಹೋಗಿತ್ತು. ಪ್ಲೇಟನ್ನು ಕೈಯಿಂದ ಅಮುಕಿದಳು. ಅದು ಅಂಗೈಯ ಕೆಳಗೇ ಜಾರಿ ತಿರುಗಿತು. ಗಾಣದ ಎತ್ತಿನಂತೆ ತಿರುಗಿತು. ಕೀ ಕೊಡಲೇ? ಕೊಟ್ಟರೆ ಅವ್ವನ ಕರುಳು ಇನ್ನೂ ಬಿಗಿಯುತ್ತದೆ. ಬಿಡಲೇ? ಬಿಟ್ಟರೆ ಜೀವವೇ ಇಳಿಯುತ್ತದೆ. ಅಡುಗೆಮನೆಯಿಂದ ಕೂಗು ಬಂತು. ಪ್ಲೇಟಿನಿಂದಲೂ ಅದೇ ಕೂಗು ಬಂತು. ಎರಡೂ ಒಂದೇ ದನಿ. ಎರಡೂ ಒಟ್ಟಿಗೆ ದಪ್ಪವಾಗುತ್ತಿದ್ದವು.

ಅವಳು ನೆಲಕ್ಕೆ ಬಿದ್ದಳು. ಹಲಗೆಯ ಕೆಳಗೆ ತಲೆ ತೂರಿಸಿದಳು. ಕತ್ತಲು. ಸುಟ್ಟ ಕೂದಲಿನ ಹೊಗೆ. ಗವರ್ನರಿನ ಗುಂಡುಗಳು ಮಿಂಚುತ್ತ ಸುತ್ತುತ್ತಿದ್ದವು. ಕೈ ಹಾಕಿದಳು. ತೋರುಬೆರಳು ಒಳಗೆ ಹೋಯಿತು. ಏನೋ ಕಚ್ಚಿತು. ಕಚ್ಚಿ ಅಗಿಯಿತು. ಬೆರಳು ತೆಗೆಯಲಿಲ್ಲ. ಬಿಸಿ ರಕ್ತ ಮುಖದ ಮೇಲೆ ತೊಟ್ಟಿಕ್ಕಿತು. ಬಾಯಿಗೆ ಬಿತ್ತು. ಉಪ್ಪು. ಹಿತ್ತಾಳೆ. ಗುಂಡುಗಳು ತಡವರಿಸಿದವು. ನಿಂತವು.

ಸದ್ದಡಗಿತು. ಎಡಗೈಯಿಂದ ಮೂಲೆಯ ಪೊರಕೆ ಎಳೆದು ಹಸಿ ಕಡ್ಡಿಯೊಂದನ್ನು ಮುರಿದುಕೊಂಡು, ಬೆರಳಿದ್ದ ಜಾಗಕ್ಕೆ ತೂರಿಸಿದಳು. ಆಮೇಲೆ ಬೆರಳು ಎಳೆದುಕೊಂಡಳು. ತುದಿಯ ಗೆಣ್ಣು ಬರಲಿಲ್ಲ.

ಕಡ್ಡಿ ಬಿಲ್ಲಿನಂತೆ ಬಾಗಿತು. ಆದರೂ ಹಿಡಿದು ನಿಂತಿತು.

ಮೂರ್ತಪ್ಪ ಆ ಧೂಳಿನಲ್ಲಿ ಉಚ್ಚಂಗೆಮ್ಮನನ್ನು ಮಗುವಿನಂತೆ ಎತ್ತಿಕೊಂಡು ರಸ್ತೆಗೆ ಓಡುತ್ತಿದ್ದ. “ತಡ್ಕಳ್ರಿ ಅತ್ತೆಮ್ಮ, ಬಂತು, ಆಟೋ ಬಂತು,” ಎನ್ನುತ್ತಿದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತಮ್ಮನನ್ನೂ ಅವನು ಹೀಗೇ ಎತ್ತಿಕೊಂಡು ಓಡಿದ್ದ. ಅದನ್ನು ಅವಳು ಮರೆತಿದ್ದಳು.

*

“ಅದೃಷ್ಟ ನಿಮ್ಮದು,” ಎಂದರು ಡಾಕ್ಟರು. ಗಾಳಿಯಲ್ಲಿ ಬೆರಳು ಬಲಕ್ಕೆ ಆಡಿಸಿದರು. “ಹೀಗೆ ತಿರುಚಿದ್ದು ನಾನು ಕಂಡಿದ್ದೇ ಕಡಿಮೆ. ತಿರುಚುತ್ತ ತಿರುಚುತ್ತ ಅರ್ಧಕ್ಕೆ ನಿಂತ ಹಾಗಿತ್ತು.”

ಉಚ್ಚಂಗೆಮ್ಮ ಮನೆಗೆ ಬಂದಳು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಗಾಳಿ ಜೋರಾದ ದಿನ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಮೂರ್ತಪ್ಪನೇ ಎಳನೀರು ತಂದು ಕೊಡುತ್ತಿದ್ದ. ಒಂದು ದಿನ ದೇವರ ಗೂಡು ಒರೆಸುವಾಗ ಹಿಂಬದಿಯ ಸಂದಿಯಿಂದ ಅವನ ಕೈಗೆ ತಮ್ಮನ ಕಂಕಣ ಸಿಕ್ಕಿತು. ಅದನ್ನು ತಂದು ಅನುಸೂಯಳ ಮುಂದಿಟ್ಟು ಡ್ಯೂಟಿಗೆ ಹೋದ. ಅವಳು ಅವನ ಮುಖ ನೋಡಲಾರದೆ ಹೋದಳು. ಕಾಲೇಜಿನಲ್ಲಿ ಸೀಮೆಸುಣ್ಣವನ್ನು ನಡುಬೆರಳಿನಿಂದ ಹಿಡಿಯುವುದು ಕಲಿತಳು.

ಮೋಟಾರು ಹಿಂದಿನ ಕೋಣೆಯಲ್ಲಿ, ಎರಡು ಸ್ಟೂಲುಗಳ ನಡುವೆ, ಹಾಗೇ ಇತ್ತು. ಅರ್ಧ ಕೀ ಒಳಗೆ ಬಿಗಿದುಕೊಂಡು, ಒಂದು ಕಡ್ಡಿಯ ಮೇಲೆ ನಿಂತಿತ್ತು.

ಬಡೇಸಾಬರು ವಿಷಯ ತಿಳಿದು ಮನೆಗೇ ಬಂದರು. ಒಳಗೆ ಕಾಲಿಡಲಿಲ್ಲ, ಹೊಸ್ತಿಲಲ್ಲೇ ನಿಂತರು.

“ಈಗ್ಲೂ ಕಾಲ ಮಿಂಚಿಲ್ಲ ತಾಯಿ. ಕಡ್ಡಿ ಮುರಿದು ಕೀ ಇಳಿಯೋ ಮುಂಚೆ, ಕಡ್ಡಿ ಸಮೇತ ಮಾರಿಕಣಿವೆ ನೀರಿಗೆ ಬಿಟ್ಬಿಡು. ನಿಮ್ಮವ್ವ ಗೆದ್ದಂಗೆ.”

“ಹೂಂ ಸಾಬ್ರೆ,” ಎಂದಳು. ಈ ಸಲ ನಗಲಿಲ್ಲ.

“ನಮ್ಮ ಬಸ್ಸಾಗೇ ಹೋಗಿ ಬರಾಣ ಬಾರಮ್ಮ,” ಎಂದ ಮೂರ್ತಪ್ಪ. “ಮಡಿಲಾಗಿಟ್ಕಂಡು ಕುಂತ್ರೆ ಅಲ್ಲಾಡಲ್ಲ.”

“ಹೋಗೋಣ ಭಾವ.”

ಶ್ರಾವಣ ಬಂತು. ಗಾಳಿ ನಿಲ್ಲಲಿಲ್ಲ. ಸಂಜೆ ಅವಳು ಕಾಲೇಜಿನಿಂದ ಬಂದು ಸೀದಾ ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಮೆತ್ತನೆಯ ಬಟ್ಟೆಯಿಂದ ಪ್ಲೇಟಿನ ಧೂಳು ಒರೆಸುತ್ತಿದ್ದಳು. ಗಂಡನ ಬೆರಳು ತಾಗಿ ಸವೆದ ಕೀಯನ್ನು ಒರೆಸುತ್ತಿದ್ದಳು. ಆಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಕಡ್ಡಿಯ ಸುತ್ತ ಒರೆಸುತ್ತಿದ್ದಳು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಮಗಳ ಕೈಯನ್ನೇ ನೋಡುತ್ತಿದ್ದಳು. ಮೊಟಕಾದ ಬೆರಳು ಕಡ್ಡಿಯ ಹತ್ತಿರ ಹೋದಾಗಲೆಲ್ಲ ಅವಳ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು.

“ನೀರಿಗೆ ಬಿಡಾಕೆ ಯಾವಾಗ ಹೋಗಾಣವ್ವ?”

“ನಾಳೆ ಹೋಗೋಣ.”

“ನಿನ್ನೇನೂ ನಾಳೆ ಅಂದೆ.”

ಅನುಸೂಯ ಬಟ್ಟೆ ಮಡಿಸಿದಳು. “ಗಂಜಿ ಕುಡಿದ್ಯಾ ಅವ್ವ?” ಎಂದಳು ಮೆಲ್ಲಗೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉಚ್ಚಂಗೆಮ್ಮ ಮತ್ತೇನೂ ಕೇಳದೆ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಹಸಿಯಿದ್ದ ಕಡ್ಡಿ ಈಗ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಪೊರಕೆ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು, ಇನ್ನೊಂದು ಕಡ್ಡಿ ಮುರಿದು ತೂರಿಸಲು ಚಣ ಸಾಕಿತ್ತು.

ಅವಳು ದೀಪ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.